ಹಳೆಯ ಅಂಬಾಸಿಡರ್‌ನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ಹೋಗುವ ಮುನ್ನ ಮಾಡಬೇಕಾದ ಕೆಲಸಗಳು

ಹೊಸ ಟೈರು ಹಾಕಿಸಿ ಕೆಲವೇ ಸಾವಿರ ಕಿಲೋಮೀಟರ್ ಓಡಿಸುವಷ್ಟರಲ್ಲಿ ಮುಂದಿನ ಚಕ್ರದ ಒಂದು ಅಂಚು ಬೋಳಾದರೆ, ಹಳೆಯ ಕಾರಿನ ಮಾಲೀಕರು ನೇರವಾಗಿ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಪರದೆಯ ಮೇಲಿನ ಅಂಕಿಗಳೆಲ್ಲ ಕೆಂಪಿನಿಂದ ಹಸಿರಿಗೆ ತಿರುಗುತ್ತವೆ, ಇವರು ಹಣ ಕೊಟ್ಟು ನೆಮ್ಮದಿಯಿಂದ ಮನೆಗೆ ಬರುತ್ತಾರೆ, ಒಂದೆರಡು ತಿಂಗಳಲ್ಲಿ ಸವಕಳಿ ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಯಂತ್ರದ್ದೇನೂ ತಪ್ಪಿರುವುದಿಲ್ಲ. ಕಿಂಗ್ ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಸಡಿಲವಾಗಿರುವ, ಕೀಲುಗಳೊಳಗಿನ ಬುಷ್‌ಗಳು ಸವೆದಿರುವ ಕಾರನ್ನು ನಿಲ್ಲಿಸಿ ಕೋನ ಅಳೆದರೆ ಸಿಗುವುದು ನಿಂತ ಕಾರಿನ ಕೋನ ಮಾತ್ರ. ರಸ್ತೆಗಿಳಿದು ಬ್ರೇಕ್ ಒತ್ತಿದಾಗ, ಗುಂಡಿಗೆ ಬಿದ್ದಾಗ ಆ ಚಕ್ರ ಯಾವ ಕೋನದಲ್ಲಿರುತ್ತದೆ ಎಂಬುದನ್ನು ಯಾವ ಪರದೆಯೂ ತೋರಿಸದು. ಆದ್ದರಿಂದ ಹಳೆಯ ಕಾರಿನಲ್ಲಿ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಯಲ್ಲಿ ಮಾಡಿಸಬೇಕಾದ ಕೆಲಸ.

ಈ ಲೇಖನಕ್ಕೆ ಉದಾಹರಣೆಯಾಗಿ ಅಂಬಾಸಿಡರ್ ಅನ್ನೇ ತೆಗೆದುಕೊಂಡಿದ್ದೇನೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತ ಸಮೀಪದ ಉತ್ತರಪಾರಾದಲ್ಲಿ ತಯಾರಾದ ಈ ಕಾರು ನಮ್ಮಲ್ಲಿ ಇಂದಿಗೂ ಸಾಕಷ್ಟು ಮನೆಗಳ ಶೆಡ್ಡಿನಲ್ಲಿದೆ. (ಕೇಂದ್ರದ 2021ರ ನಿಯಮದ ಪ್ರಕಾರ ‘ವಿಂಟೇಜ್’ ನೋಂದಣಿ ಪಡೆಯಲು ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದಿರಬೇಕು; ಟೈರಿಗೆ ಮಾತ್ರ ಆ ಗೌರವ ಸಲ್ಲದು.) ಇದರ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಬದಲಿಗೆ ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರ್, ಹಿಂಭಾಗದಲ್ಲಿ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇವೆ, ಸ್ಟಿಯರಿಂಗ್ ರ‍್ಯಾಕ್ ಅಂಡ್ ಪಿನಿಯನ್ ಬಗೆಯದು, ಅಂದರೆ ಪುಟ್ಟ ಹಲ್ಲುಚಕ್ರವೊಂದು ಹಲ್ಲಿನ ಕಂಬಿಯನ್ನು ಎಡಬಲಕ್ಕೆ ಸರಿಸುತ್ತದೆ. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಇಲ್ಲಿನ ಕ್ರಮ ಬಹುಪಾಲು ಅನ್ವಯಿಸುತ್ತದೆ.

ಮೊದಲು ಟೈರನ್ನು ಓದಿ

ಹಗಲು ಬೆಳಕಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮುಂದಿನ ಟೈರಿನ ಮುಖ ಕಾಣುವಂತೆ ಮಾಡಿಕೊಳ್ಳಬೇಕು. ಎರಡೂ ಅಂಚು ಸವೆದು ನಡುವಿನ ರಬ್ಬರು ಹಾಗೆಯೇ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಲಾಗಿದೆ ಎಂದರ್ಥ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಚಕ್ರ ಓರೆಯಾಗಿ ನಿಂತಿದೆ, ಅಂದರೆ ಕ್ಯಾಂಬರ್ ಕೆಟ್ಟಿದೆ. ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರುವುದು, ವೀಲ್ ಬೇರಿಂಗ್ ಸಡಿಲವಾಗಿರುವುದು ಅಥವಾ ಬ್ಯಾಲೆನ್ಸಿಂಗ್ ತಪ್ಪಿರುವುದು ಕಾರಣ.

ಕಣ್ಣಿಗಿಂತ ಕೈಗೆ ಚೆನ್ನಾಗಿ ತಿಳಿಯುವುದು ಟೋ ದೋಷ. ಎರಡು ಮುಂಚಕ್ರಗಳ ಮುಂಭಾಗ ಒಂದನ್ನೊಂದು ನೋಡುವಂತೆ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಇಟ್ಟು ಮೊದಲು ಹೊರ ಅಂಚಿನಿಂದ ಕಾರಿನ ಕಡೆಗೆ, ನಂತರ ಕಾರಿನ ಕಡೆಯಿಂದ ಹೊರಕ್ಕೆ ನಿಧಾನವಾಗಿ ಸವರಬೇಕು. ಒಳಕ್ಕೆ ಸವರುವಾಗ ನುಣುಪಾಗಿದ್ದು, ಹೊರಕ್ಕೆ ತರುವಾಗ ಗರಗಸದ ಹಲ್ಲಿನಂತೆ ಬೆರಳಿಗೆ ತಡೆದರೆ ಟೋ-ಇನ್ ಅತಿಯಾಗಿದೆ. ಇದಕ್ಕೆ ವಿರುದ್ಧವಾಗಿದ್ದರೆ ಟೋ-ಔಟ್ ಆಗಿದೆ. ತಂತಿ ಎದ್ದ ಟೈರನ್ನು ಹೀಗೆ ಬರಿಗೈಯಲ್ಲಿ ಸವರಬಾರದು ಎಂಬುದು ಬೇರೆ ಮಾತು.

ಹಾಗೆಯೇ ಟೈರಿನ ವಯಸ್ಸನ್ನೂ ನೋಡಿಬಿಡಿ. ಪಕ್ಕದ ಗೋಡೆಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ವಾರಕ್ಕೊಮ್ಮೆ ಹೊರಬರುವ ಕಾರಿನಲ್ಲಿ ಟೈರು ಸವೆಯುವುದಕ್ಕಿಂತ ಮೊದಲೇ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಹಿಡಿತದ ಪಟ್ಟಿ ಆಳವಾಗಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಿ ಹೆದ್ದಾರಿಗೆ ಹೋಗುವುದು ಸಲ್ಲದು. ಇನ್ನು ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆಯ ಬಗೆಯ ಕ್ರಾಸ್‌ಪ್ಲೈ ಇದ್ದರೆ ಯಾವ ಅಲೈನ್‌ಮೆಂಟೂ ಆ ಕಾರನ್ನು ನೇರ ಓಡಿಸಲಾರದು.

ಜಾಕಿ ಹಾಕಿ ಪ್ಲೇ (ಸಡಿಲ) ಹುಡುಕಿ

ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಎತ್ತಿ, ಜಾಕಿಯ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಹೊರಗೆ ಅಲ್ಲಾಡಿಸಿ. ಕಟಕಟ ಎಂದು ಪ್ಲೇ ಸಿಕ್ಕಿದರೆ ಒಳಗೆ ಕುಳಿತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ತೊಂದರೆ ವೀಲ್ ಬೇರಿಂಗಿನಲ್ಲಿದೆ, ಅದನ್ನು ಬಿಗಿಗೊಳಿಸಬಹುದು ಅಥವಾ ಬದಲಿಸಬಹುದು. ಬ್ರೇಕ್ ಒತ್ತಿದರೂ ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಅದರ ಬುಷ್ ಸವೆದಿದೆ. ನಂತರ ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಿಗುವ ಸಡಿಲ ಹೆಚ್ಚಾಗಿ ಟೈ ರಾಡ್ (ಸ್ಟಿಯರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕಂಬಿ) ತುದಿಯ ಕೀಲಿನದು ಅಥವಾ ರ‍್ಯಾಕಿನದು. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟರೆ ಯಾವ ಕೀಲು ಎಂಬುದು ತಕ್ಷಣ ತಿಳಿಯುತ್ತದೆ.

ಕಿಂಗ್ ಪಿನ್ ಕೆಡುವುದಕ್ಕೆ ಮುಖ್ಯ ಕಾರಣ ಗ್ರೀಸ್ ಇಲ್ಲದಿರುವುದು. ಚಕ್ರ ನೆಲದ ಮೇಲಿರುವಾಗಲೇ ಗ್ರೀಸ್ ಗನ್ ಒತ್ತುವ ರೂಢಿ ಹಲವೆಡೆ ಇದೆ; ಆದರೆ ಭಾರ ಬಿದ್ದ ಕಡೆಗೆ ಗ್ರೀಸ್ ಇಳಿಯುವುದಿಲ್ಲ. ಚಕ್ರ ಎತ್ತಿ, ಗ್ರೀಸ್ ಒಳಹೋಗುವ ನಿಪ್ಪಲ್ ಒರೆಸಿ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೂ ಒತ್ತಬೇಕು.

ಹಿಂಭಾಗವನ್ನು ಯಾರೂ ನೋಡುವುದಿಲ್ಲ, ಅಲ್ಲಿ ಅಲೈನ್‌ಮೆಂಟ್ ಮಾಡಲು ಏನೂ ಇಲ್ಲವಲ್ಲ ಎಂದು. ಆದರೆ ಲೀಫ್ ಸ್ಪ್ರಿಂಗಿನ ನಡುವಿನ ಬೋಲ್ಟ್ ತುಂಡಾಗಿದ್ದರೆ ಅಥವಾ ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಆಕ್ಸಲ್ ಒಂದು ಬದಿ ಹಿಂದೆ ಸರಿಯುತ್ತದೆ, ಕಾರು ಮೂತಿ ಒಂದು ಕಡೆ, ಬಾಲ ಒಂದು ಕಡೆ ಮಾಡಿಕೊಂಡು ಓಡುತ್ತದೆ. ಎಡಬದಿಯ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಬಲಬದಿಯದರೊಂದಿಗೆ ಟೇಪಿನಲ್ಲಿ ಹೋಲಿಸಿದರೆ ಈ ದೋಷ ಬಯಲಾಗುತ್ತದೆ.

ಎತ್ತರ ಸರಿಪಡಿಸಿ

ಟಾರ್ಷನ್ ಬಾರ್ ದಶಕಗಳ ಭಾರಕ್ಕೆ ಸೋತು ಮುಂಭಾಗ ತಗ್ಗುತ್ತದೆ. ಎರಡೂ ಬದಿ ಒಂದೇ ಸಮ ತಗ್ಗುವುದೂ ಇಲ್ಲ. ಎತ್ತರ ಬದಲಾದರೆ ಚಕ್ರವನ್ನು ಹಿಡಿದಿರುವ ತೋಳುಗಳ ಕೋನ ಬದಲಾಗುತ್ತದೆ, ಅದರೊಡನೆ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗುತ್ತವೆ. ಆದ್ದರಿಂದ ಗಾಳಿ ಸರಿಯಾಗಿ ತುಂಬಿಸಿ, ಡಿಕ್ಕಿ ಖಾಲಿ ಮಾಡಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿ ಅಳೆಯಬೇಕು. ವ್ಯತ್ಯಾಸ ಕಂಡರೆ ಬಾರ್ ಹೊಂದಿಸುವ ಕೆಲಸವನ್ನು ಈ ಕಾರಿನಲ್ಲಿ ಪಳಗಿದ ಮೆಕ್ಯಾನಿಕ್‌ಗೇ ಒಪ್ಪಿಸಿ. ತಿರುಚಿ ಬಿಗಿದಿರುವ ಆ ಕಂಬಿ ಕೈತಪ್ಪಿದರೆ ಅಪಾಯ.

ಮನೆಯಲ್ಲೇ ಟೋ ಅಳೆಯುವ ಬಗೆ

ಮುಂಚಕ್ರ ಎತ್ತಿ, ಟೈರಿನ ನಡುಭಾಗಕ್ಕೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಒಂದು ಮರದ ತುಂಡಿಗೆ ಮೊಳೆ ಹೊಡೆದು, ಅದು ಅಲುಗದಂತೆ ನೆಲದ ಮೇಲೆ ಒತ್ತಿ ಹಿಡಿದು, ಮೊಳೆಯ ತುದಿ ಟೈರಿಗೆ ತಾಗುವಂತೆ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಸುಣ್ಣದ ಮೇಲೆ ಕೂದಲೆಳೆಯ ಗೆರೆ ಮೂಡುತ್ತದೆ. ರಿಮ್ ಬೆಂಡಾಗಿದ್ದರೂ ಈ ಗೆರೆ ನೇರವಾಗಿಯೇ ಬರುತ್ತದೆ. ರಿಮ್ಮಿನ ಅಂಚಿನಿಂದ ಅಳೆಯುವುದಕ್ಕಿಂತ ಇದನ್ನು ನಾನು ಮೆಚ್ಚುವುದು ಅದಕ್ಕಾಗಿ. ಇನ್ನೊಂದು ಚಕ್ರಕ್ಕೂ ಹೀಗೆಯೇ ಗೆರೆ ಎಳೆದು, ಕಾರನ್ನು ಇಳಿಸಿ, ಬಂಪರ್ ಮೇಲೆ ಒಂದೆರಡು ಬಾರಿ ಒತ್ತಿ ಬಿಟ್ಟು, ಸ್ಟಿಯರಿಂಗ್ ನೇರವಿಟ್ಟು ಕೆಲವು ಅಡಿ ಮುಂದಕ್ಕೆ ತಳ್ಳಬೇಕು. ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ಕೀಲುಗಳ ಸಡಿಲವೆಲ್ಲ ವಿರುದ್ಧ ದಿಕ್ಕಿಗೆ ಸೇರಿ ಅಳತೆ ತಪ್ಪುತ್ತದೆ.

ಈಗ ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಎಂಜಿನ್ ಅಡ್ಡ ಬರುವುದರಿಂದ ಗೆರೆಯಿಂದ ನೆಲಕ್ಕೆ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದ ಗುರುತುಗಳ ನಡುವೆ ಅಳೆಯುವುದು ಸುಲಭ. ಹಿಂದಿನ ಅಳತೆಯಿಂದ ಮುಂದಿನದನ್ನು ಕಳೆದರೆ ಉಳಿಯುವುದೇ ಟೋ-ಇನ್. ಹಿಂಚಕ್ರ ಎಳೆಯುವ ಇಂಥ ಹಳೆಯ ಕಾರುಗಳಿಗೆ ಸಾಮಾನ್ಯವಾಗಿ 1.5ರಿಂದ 3 ಮಿಲಿಮೀಟರ್ ಟೋ-ಇನ್ ಇಡುತ್ತಾರೆ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ಟೈರಿನ ಮೇಲ್ಮೈಯಲ್ಲಿ ಅಳೆದ 3 ಮಿಲಿಮೀಟರ್, 15 ಇಂಚಿನ ರಿಮ್ಮಿನ ಅಂಚಿನಲ್ಲಿ ಅಳೆದಾಗ 2 ಮಿಲಿಮೀಟರಿಗೂ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಬೇಕು.

ತಿದ್ದುವಾಗ ಟೈ ರಾಡಿನ ಲಾಕ್ ನಟ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಎರಡೂ ಬದಿ ಸಮನಾಗಿ, ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ಕಾರನ್ನು ಮತ್ತೆ ಮುಂದಕ್ಕೆ ತಳ್ಳಿ ಅಳೆಯಬೇಕು. ಒಂದೇ ಬದಿ ತಿರುಗಿಸಿದರೆ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ಟೈ ರಾಡ್ ಚಕ್ರದ ಮಧ್ಯರೇಖೆಗಿಂತ ಹಿಂದಿದ್ದರೆ ಅದನ್ನು ಉದ್ದ ಮಾಡಿದಷ್ಟೂ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ರ‍್ಯಾಕಿನ ರಬ್ಬರ್ ಬೂಟು ತಿರುಚಿಕೊಳ್ಳದಂತೆ ನೋಡಿಕೊಂಡು, ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಬಿಗಿಯುವಾಗಲೇ ಅಳತೆ ಕದಲುವುದುಂಟು.

ಅಂಗಡಿಯಲ್ಲಿ ಕೇಳಬೇಕಾದ್ದು

ಕ್ಯಾಂಬರ್ ಮತ್ತು ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ನೋಡಲು ಕಂಪ್ಯೂಟರ್ ಅಲೈನ್‌ಮೆಂಟ್ ಒಳ್ಳೆಯದೇ. ಯಂತ್ರದ ಪಟ್ಟಿಯಲ್ಲಿ ನಿಮ್ಮ ಕಾರು ಇಲ್ಲದಿದ್ದರೆ ಕೆಲವರು ಯಾವುದೋ ಹೊಸ ಕಾರಿನ ಹೆಸರು ಆರಿಸಿ ಅದರ ಅಂಕಿಗೆ ಹೊಂದಿಸಿಬಿಡುತ್ತಾರೆ. ಕೈಪಿಡಿಯ ಆ ಪುಟದ ಪ್ರತಿ ಒಯ್ದು, ಇದೇ ಅಂಕಿ ಹಾಕಿ ಎಂದು ಮೊದಲೇ ಹೇಳಬೇಕು, ತಿದ್ದುವ ಮುಂಚಿನ ಹಾಗೂ ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಬೇಕು. ಅಂಕಿ ಮಿಲಿಮೀಟರಿನಲ್ಲಿಲ್ಲದೆ ಕೋನದಲ್ಲಿದ್ದರೆ, ಈ ಗಾತ್ರದ ಟೈರಿಗೆ 3 ಮಿಲಿಮೀಟರ್ ಎಂದರೆ ಒಟ್ಟು ಸುಮಾರು ಕಾಲು ಡಿಗ್ರಿ.

ಪರೀಕ್ಷೆಗೆ ಓಡಿಸುವಾಗ ಕಾರು ತುಸು ಎಡಕ್ಕೆ ಎಳೆದರೆ ಗಾಬರಿ ಬೇಡ, ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ. ಎಳೆತ ಜೋರಾಗಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಿ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದೇ. ಬದಲಾಗದಿದ್ದರೆ, ಸ್ವಲ್ಪ ದೂರ ಓಡಿಸಿ ಬಂದು ಎರಡೂ ಹಬ್ಬಿನ ಬಳಿಗೆ ಕೈ ಒಯ್ಯಿರಿ. ಒಂದು ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಅಲೈನ್‌ಮೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ಸರಿ ಎನಿಸಿದ ಮೇಲೂ ಸುಮಾರು 500 ಕಿಲೋಮೀಟರ್ ಓಡಿದ ನಂತರ ಟೈರಿನ ಒಳ ಅಂಚು, ನಡು, ಹೊರ ಅಂಚುಗಳ ಆಳವನ್ನು ಗೇಜಿನಲ್ಲಿ ಅಳೆದು ಬರೆದಿಡಿ, ಮುಂದೆ ಎಣ್ಣೆ ಬದಲಿಸುವಾಗಲೆಲ್ಲ ಅದರೊಂದಿಗೆ ಹೋಲಿಸಿ. ಮೂರರಲ್ಲಿ ಯಾವುದೇ ಒಂದು ಕಾನೂನಿನ 1.6 ಮಿಲಿಮೀಟರ್ ಮಿತಿಗೆ ಬಂದರೂ ಆ ಟೈರನ್ನು ಬದಲಿಸಬೇಕು.