ಬೆಕ್ಕಿನ ಮರಿ ಸಿಕ್ಕಿತಾ? ಹಾಲಿನ ಬಟ್ಟಲು ಆಮೇಲೆ

ವಿಜಯಪುರದ ನಮ್ಮ ಓಣಿಯಲ್ಲಿ ಮಳೆಗಾಲ ಬಂತೆಂದರೆ ಯಾರಾದರೊಬ್ಬರು ರಟ್ಟಿನ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಒಳಗೆ ಮೂರೋ ನಾಲ್ಕೋ ಬೆಕ್ಕಿನ ಮರಿ. "ತಾಯಿ ಬಿಟ್ಟು ಹೋಗ್ಯಾದ್ರಿ, ಪಾಪ. ಹಾಲು ಹಾಕೀವಿ, ಕುಡೀವಲ್ಲವು." ಹೆಚ್ಚಿನ ಸಲ ತಾಯಿ ಬಿಟ್ಟು ಹೋಗಿರುವುದಿಲ್ಲ. ಆ ಹಾಲನ್ನೂ ಹಾಕಬಾರದಿತ್ತು.

ಮೊದಲ ಕೆಲಸ: ಎತ್ತಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರಲ್ವಾ? ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗಬೇಕು, ಅಲ್ಲಿಯವರೆಗೆ ಉಳಿದವು ನಮ್ಮ ಕಣ್ಣಿಗೆ ಅನಾಥ. ದೂರ ನಿಂತು ಮೂರ್ನಾಲ್ಕು ತಾಸು ನೋಡಿ. ಅಷ್ಟು ಹೊತ್ತು ನಿಲ್ಲಲು ಆಗದಿದ್ದರೆ ಮರಿಗಳ ಸುತ್ತ ಒಂದು ಹಿಡಿ ಜೋಳದ ಹಿಟ್ಟು ಉದುರಿಸಿ, ಎರಡು ತಾಸು ಬಿಟ್ಟು ಬನ್ನಿ. ಹಿಟ್ಟಿನಲ್ಲಿ ಹೆಜ್ಜೆ ಮೂಡಿದ್ದರೆ ತಾಯಿ ಬಂದು ಹೋಗಿದೆ. ರಾತ್ರಿಯಿಡೀ ಹಾಗೇ ಬಿಡಬೇಡಿ, ಇರುವೆ ಮುತ್ತುತ್ತವೆ. ಹೊಟ್ಟೆ ದುಂಡಗಿದ್ದು ಸುಮ್ನೆ ಮಲಗಿರುವ ಮರಿಗೆ ನಿಮ್ಮ ಅಗತ್ಯವಿಲ್ಲ. ತಣ್ಣಗಾಗಿ, ನೆನೆದು, ಬಿಡದೆ ಕಿರುಚುತ್ತಿದ್ದರೆ ಎತ್ತಿ. ಹಿಂದೊಮ್ಮೆ ಕಣಿಕೆ ಬಣವೆಯಿಂದ ನಾನೇ ಅವಸರದಲ್ಲಿ ಮೂರು ಮರಿ ಎತ್ತಿ ತಂದಿದ್ದೆ. ಅವುಗಳ ತಾಯಿ ಎರಡು ರಾತ್ರಿ ಬಣವೆ ಸುತ್ತ ಕೂಗುತ್ತ ತಿರುಗಿತು.

ಇನ್ನು ಎಲ್ಲರೂ ಎಡವುವ ಜಾಗ. ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬಾರದು. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಕುಡಿಸಿದ್ದು ಒಳಗೇ ಕೆಡುತ್ತದೆ. ಕಿರುಬೆರಳ ತುದಿಯನ್ನು ಮರಿಯ ಬಾಯೊಳಗೆ ಇಟ್ಟು ನೋಡಿ. ತಣ್ಣಗೆ ಹತ್ತಿದರೆ ಮೊದಲು ಕಾವು ಕೊಡಿ. ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಹಳೆ ಕೌದಿಯ ತುಂಡು ಸುತ್ತಿ, ಡಬ್ಬಿಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನರ್ಧಕ್ಕೆ ಸರಿಯಬೇಕು. ನಿಧಾನವಾಗಿ ಬೆಚ್ಚಗಾಗಲಿ, ತಾಸು ಹಿಡಿದರೂ ಹಿಡಿಯಲಿ. ಒಲೆ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಊದುವುದು ಬೇಡ. "ನಮ್ಮೂರ ಬಿಸಿಲಿಗೆ ಕಾವು ಯಾಕ್ರಿ?" ಎಂದು ಕೇಳುತ್ತಾರೆ. ಮೊದಲ ಎರಡು-ಮೂರು ವಾರ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ, ಅದಕ್ಕೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ ಕೆಳಗೆ ಸಿಕ್ಕ ಮರಿಯದು ಬೇರೆ ಕಥೆ, ಅದನ್ನು ಮೊದಲು ನೆರಳಿಗೆ ತನ್ನಿ.

ಆಮೇಲೆ ಹಾಲು. ಆಕಳ ಹಾಲು, ಎಮ್ಮೆ ಹಾಲು ಬೇಡ. ಭೇದಿ ಹತ್ತುತ್ತದೆ, ಅಂಗೈಯಗಲದ ಮರಿ ಒಂದೇ ದಿನದಲ್ಲಿ ಒಣಗಿ ಹೋಗುತ್ತದೆ. ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಬರುತ್ತದೆ, ಅದನ್ನೇ ತರಿಸಿ. ಅದು ಕೈಸೇರುವವರೆಗೆ ಆಡಿನ ಹಾಲು ನಡೆಯುತ್ತದೆ, ಒಂದು ರಾತ್ರಿಗೆ ಅಷ್ಟೇ. ಪುಡಿಯ ಜೊತೆ ಬರುವ ಪುಟ್ಟ ಬಾಟಲಿ ನನಗೆ ಸೇರುವುದಿಲ್ಲ. ನಿಪ್ಪಲ್‌ಗೆ ತೂತು ಇರುವುದಿಲ್ಲ, ನಾವು ಕತ್ತರಿಸಿದರೆ ತೂತು ದೊಡ್ಡದಾಗಿ ಹಾಲು ಧಾರೆಯಾಗಿ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಮೆಡಿಕಲ್ ಅಂಗಡಿಯ ಸೂಜಿ ಇಲ್ಲದ ಸಿರಿಂಜ್ ಸಾಕು. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗೆ, ತಲೆ ತುಸು ಮೇಲೆ, ತಾಯಿ ಹತ್ತಿರ ಮಲಗಿದ ಹಾಗೆ. ಹನಿ ಹನಿಯಾಗಿ ಬಿಡಿ, ನುಂಗಿದ ಮೇಲೆ ಇನ್ನೊಂದು ಹನಿ. 100 ಗ್ರಾಂ ತೂಗುವ ಮರಿಗೆ ಒಂದು ಸಲಕ್ಕೆ ಸುಮಾರು 4 ಮಿಲಿ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಕಣ್ಣು ಬಿಡದ ಮರಿಗೆ ಎರಡು-ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಮಾಡಿ ಮೂಗು ಒರೆಸಿ, ಡಾಕ್ಟರಿಗೆ ತೋರಿಸಿ.

ಕುಡಿಸಿದ ಮೇಲೆ ಅರ್ಧ ಜನ ಮರೆಯುವ ಕೆಲಸವೊಂದಿದೆ. ಮೂರು ವಾರದೊಳಗಿನ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ, ತಾಯಿ ನೆಕ್ಕಬೇಕು. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಹಿಂಡಿ, ಬಾಲದ ಕೆಳಗೆ ಮೆಲ್ಲಗೆ ಒರೆಸಿ. ಹತ್ತಿ ಹಳದಿಯಾದರೆ ಗೆದ್ದಿರಿ.

ದಿನಾ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ದಿನಕ್ಕೆ 10-15 ಗ್ರಾಂ ಏರಬೇಕು. ಏರದಿದ್ದರೆ ನಾಳೆ ನೋಡೋಣ ಎನ್ನಬೇಡಿ, ದನದ ದವಾಖಾನೆಗೆ ಒಯ್ಯಿರಿ.

ಚಿಗಟಕ್ಕೆ ನಾಯಿಯ ಪೌಡರ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥ ಎಷ್ಟೋ ಪೌಡರ್‌ಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಫಿನಾಯಿಲ್ ಒರೆಸಿದ ನೆಲವೂ ಅಷ್ಟೇ, ಪ್ಯಾರಾಸಿಟಮಾಲ್ ಅಂತೂ ಒಂದು ಚೂರೂ ಬೇಡ. ಹೇನಿನ ಬಾಚಣಿಗೆ, ಬೆಚ್ಚಗಿನ ನೀರು ಸಾಕು.

ನಾಲ್ಕೈದು ವಾರಕ್ಕೆ ಮೆತ್ತನೆಯ ಊಟ, ತಟ್ಟೆಯಲ್ಲಿ ಮರಳು. ಇದಕ್ಕೆ ಪಾಠವೇ ಬೇಡ, ತಾವೇ ಕೆದರಿ ಕೂರುತ್ತವೆ.

ಮನುಷ್ಯರ ಕೈ ತಾಗದೆ ಬೆಳೆದು ಐದಾರು ವಾರಕ್ಕೆ ಸಿಕ್ಕ ಮರಿ ಬುಸ್ಸೆನ್ನುತ್ತದೆ. ದೊಡ್ಡ ಪಡಸಾಲೆಯಲ್ಲಿ ಬಿಟ್ಟರೆ ಟ್ರಂಕಿನ ಹಿಂದೆ ಸೇರಿ ವಾರ ಹೊರಗೆ ಬರಲ್ಲ. ಬಚ್ಚಲುಮನೆಯೇ ಒಳ್ಳೆಯದು. ಉಪ್ಪಿಲ್ಲದೆ ಬೇಯಿಸಿದ ಕೋಳಿ ಚೂರನ್ನು ಮೊದಲು ಉದ್ದ ಚಮಚದಲ್ಲಿ ಕೊಡಿ, ಆಮೇಲೆ ಬೆರಳಲ್ಲಿ. ಪರಚಿದರೆ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಇಂಜೆಕ್ಷನ್‌ಗೆ ಹೋಗಿ. ಅರಿಶಿನ ಮೆತ್ತಿ ಕೂರಬೇಡಿ.

ಮನುಷ್ಯರಿಗೆ ಒಗ್ಗದೆ ಬೆಳೆದ ದೊಡ್ಡ ಬೀದಿಬೆಕ್ಕನ್ನು ಪಳಗಿಸುವ ಹಟ ಬಿಡಿ. ಗೋಣಿಚೀಲದಲ್ಲಿ ಹಿಡಿದು ಮಾರ್ಕೆಟ್‌ನಲ್ಲಿ ಬಿಟ್ಟು ಬರುವುದೂ ಬೇಡ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ದಿನಾ ಒಂದೇ ಹೊತ್ತಿಗೆ ಊಟ ಇಟ್ಟು, ಬೋನಿನಲ್ಲಿ ಹಿಡಿದು, ಸಂತಾನಹರಣ ಆಪರೇಷನ್ ಮಾಡಿಸಿ ಅದೇ ಜಾಗದಲ್ಲಿ ಬಿಡಿ. ಆಪರೇಷನ್ ಆಗಿರುವ ಗುರುತಿಗೆ ಕಿವಿಯ ತುದಿ ತುಸು ಕತ್ತರಿಸುತ್ತಾರೆ, ನೋವಾಗುವುದಿಲ್ಲ, ಅರಿವಳಿಕೆಯಲ್ಲೇ ಇರುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಆದ್ದರಿಂದ ತಡ ಮಾಡಬೇಡಿ.

ಎಂಟು ವಾರ ತುಂಬಿ, ಮೊದಲ ಲಸಿಕೆ ಆದ ಮೇಲೆ ಮರಿ ಕೊಡಿ. ಆದರೆ ಎರಡೆರಡು ಕೊಡಿ, ಒಂದು ಕೇಳಿದವರಿಗೂ. ಅವು ಮಲಗಿದ್ದ ಕೌದಿಯ ತುಂಡನ್ನೂ ಜೊತೆಗೆ ಕಳಿಸಿ. ಒಗೆಯಬೇಡಿ ಮತ್ತೆ, ಆ ವಾಸನೆ ಇರಲಿ.