ಮೂರನೇ ಸಲಕ್ಕೆ ಕೈಗೂಡಿದ ಸೋಪು

ಚಳಿ ಶುರುವಾದರೆ ನನ್ನ ಕಾಲು ಬೂದಿ ಬಳಿದ ಹಾಗೆ ಆಗುತ್ತದೆ. ಉಗುರಲ್ಲಿ ಗೀರಿದರೆ ಬಿಳಿ ಗೆರೆ. "ಹರಳೆಣ್ಣೆ ಹಚ್ಕೊಳ್ಳಮ್ಮ" ಅಂತ ಅತ್ತೆ ಅಂದರು. ಹಚ್ಚಿಕೊಂಡರೆ ಹಾಸಿಗೆಯೆಲ್ಲ ಜಿಡ್ಡು. ಎಣ್ಣೆಯನ್ನು ಸೋಪಿಗೇ ಹಾಕಿದರೆ ಹೇಗೆ? ಮಂಡ್ಯದಲ್ಲಿ ಗಾಣದ ಎಣ್ಣೆಗೇನು ಬರ, ಮಾಡಿಯೇ ನೋಡೋಣ ಅಂದುಕೊಂಡೆ.

ಮೊದಲ ಸಲ ಬರೀ ಕೊಬ್ಬರಿ ಎಣ್ಣೆ ಹಾಕಿದೆ. ಸೋಪು ಕಲ್ಲಿನ ಹಾಗೆ ಗಟ್ಟಿ, ನೊರೆಯೋ ನೊರೆ. ಆದರೆ ಮುಖ ತೊಳೆದರೆ ಚರ್ಮ ಬಿಗಿಯುತ್ತಿತ್ತು. ಕೊಬ್ಬರಿ ಎಣ್ಣೆ ಸೋಪಾಗಿ ಬದಲಾದ ಮೇಲೆ ಕೊಳೆಯ ಜೊತೆ ಮೈಯ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ. ತಲೆಗೆ ತಂಪು ಅಂತ ನಂಬಿದ ಎಣ್ಣೆ ಹೀಗೆ ಮಾಡೀತು ಅಂತ ನನಗೆ ಗೊತ್ತಿರಲಿಲ್ಲ.

ಎರಡನೇ ಸಲ ಬೆಲ್ಲ ಹಾಕಿ ಕೆಟ್ಟೆ. ಸಕ್ಕರೆ ಅಂಶ ಇದ್ದರೆ ನೊರೆ ಜಾಸ್ತಿ ಅಂತ ಕೇಳಿದ್ದೆ. ಮಂಡ್ಯದವಳು, ಕೈ ಬಿಗಿ ಹಿಡಿಯಲಿಲ್ಲ. ಅಚ್ಚಿಗೆ ಸುರಿದು ಟವೆಲ್ ಬೇರೆ ಹೊದಿಸಿಟ್ಟೆ. ಸ್ವಲ್ಪ ಹೊತ್ತಿಗೆ ಸೋಪು ನಡುವೆ ಬಿರಿದು, ಕಂದು ಬಣ್ಣಕ್ಕೆ ತಿರುಗಿ, ಉಕ್ಕಿ ಆಚೆ ಬಂತು. ಬೆಲ್ಲ ಸೇರಿದರೆ ಕಾವು ಏರುತ್ತದೆ, ಅದರ ಮೇಲೆ ನಾನು ಹೊದಿಕೆಯನ್ನೂ ಹಾಕಿದ್ದೆ!

ಮೂರನೇ ಸಲದ ಲೆಕ್ಕ ಇದು: ಕೊಬ್ಬರಿ ಎಣ್ಣೆ 200 ಗ್ರಾಂ, ಎಳ್ಳೆಣ್ಣೆ 250, ಹರಳೆಣ್ಣೆ 50. ಕಾಸ್ಟಿಕ್ ಸೋಡಾ 71 ಗ್ರಾಂ, ಡಿಸ್ಟಿಲ್ಡ್ ನೀರು 142 ಗ್ರಾಂ. ನಮ್ಮ ಬೋರ್‌ವೆಲ್ ನೀರು ಗಡಸು, ಅದು ಬೇಡ. ಲೋಟದ ಅಳತೆ ಇಲ್ಲಿ ನಡೆಯಲ್ಲ, ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು. ಇಷ್ಟು ಎಣ್ಣೆ ಪೂರ್ತಿ ಸೋಪಾಗಲು ಕಾಸ್ಟಿಕ್ ಸುಮಾರು 76 ಗ್ರಾಂ ಬೇಕು. ಬೇಕಂತಲೇ 5 ಗ್ರಾಂ ಕಡಿಮೆ ಹಾಕಿದೆ. ಆಗ ಒಂದಿಷ್ಟು ಎಣ್ಣೆ ಹಾಗೇ ಉಳಿಯುತ್ತದೆ. ಮೈ ಮೃದು ಅನ್ನಿಸುವುದು ಈ ಎಣ್ಣೆಯಿಂದ, ಜೊತೆಗೆ ಸೋಪಾಗುವಾಗ ತಾನಾಗಿ ಹುಟ್ಟುವ ಗ್ಲಿಸರಿನ್‌ನಿಂದ. ಗುಲಾಬಿ ದಳ, ಅರಿಶಿನ ಎಲ್ಲ ನೋಟಕ್ಕಷ್ಟೇ.

ಕಾಸ್ಟಿಕ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಗ್ಲೌಸ್, ಕನ್ನಡಕ ಹಾಕಿಕೊಂಡು ತಾರಸಿ ಮೇಲೆ ಮಾಡಿದೆ. ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಅನ್ನು ಕಾಸ್ಟಿಕ್ ತಿಂದುಹಾಕುತ್ತದೆ. ಕೈಗೆ ತಾಗಿದರೆ ನಲ್ಲಿ ಕೆಳಗೆ ಹಿಡಿದು ಧಾರಾಳವಾಗಿ ತೊಳೆಯಬೇಕು.

ಎಣ್ಣೆ, ಕಾಸ್ಟಿಕ್ ನೀರು ಎರಡೂ ಉಗುರುಬೆಚ್ಚಗಾದ ಮೇಲೆ ಕೂಡಿಸಿ, ಹ್ಯಾಂಡ್ ಬ್ಲೆಂಡರ್‌ನಿಂದ ಬಿಟ್ಟು ಬಿಟ್ಟು ತಿರುವಿದೆ. ದೋಸೆ ಹಿಟ್ಟಿನ ಹದ ಬಂದಾಗ ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಎಳ್ಳೆಣ್ಣೆ ಜಾಸ್ತಿ ಇದ್ದದ್ದಕ್ಕೆ ಎರಡು ದಿನವಾದರೂ ಮೆತ್ತಗಿತ್ತು. ಮೂರನೇ ದಿನ ಕತ್ತರಿಸಿ, ಗಾಳಿಯಾಡುವ ಕಡೆ ಆರು ವಾರ ಒಣಗಿಸಿದೆ. ಅತ್ತೆ ದಿನಾ ಹೋಗಿ ಮೂಸಿ ನೋಡುತ್ತಿದ್ದರು. "ಸಂಡಿಗೆನೂ ಇಷ್ಟು ದಿನ ಒಣಗ್ಸಲ್ಲ ಕಣಮ್ಮ!"

ನೊರೆ ಮೊದಲಿನಷ್ಟಿಲ್ಲ, ಕೆನೆ ಕೆನೆಯಾಗಿದೆ. ಕಾಲಿನ ಬಿಳಿ ಗೆರೆ ಪೂರ್ತಿ ಹೋಗಿಲ್ಲ, ಆದರೆ ಸ್ನಾನವಾದ ಮೇಲಿನ ಆ ಬಿಗಿತ ಇಲ್ಲ. ಅತ್ತೆ ಈಗ ತಮ್ಮ ಪಾಲಿನ ಎರಡು ಬಿಲ್ಲೆ ಬೀರುವಿನಲ್ಲಿ ಎತ್ತಿಟ್ಟುಕೊಂಡಿದ್ದಾರೆ. ಬಚ್ಚಲಲ್ಲಿ ತೂತಿರುವ ಸೋಪ್ ಡಬ್ಬಿಯೇ ಇಡಿ, ನೀರು ನಿಂತರೆ ವಾರಕ್ಕೇ ಲೊಳಲೊಳ ಆಗುತ್ತದೆ.