ಲಿನಕ್ಸ್‌ಗೆ ಲ್ಯಾಪ್‌ಟಾಪ್: ಮೊದಲು ಡ್ರೈವರ್ ನೋಡಿದೆ, ಆಮೇಲೆ ಬೆಲೆ

ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸ್ಟೆಲೇರಿಯಂನಲ್ಲಿ ಮಕ್ಕಳಿಗೆ ಆಕಾಶ ತೋರಿಸಬೇಕು, ಒಬಿಎಸ್‌ನಲ್ಲಿ ಪಾಠ ರೆಕಾರ್ಡ್ ಮಾಡಬೇಕು, ಕೆಡೆನ್‌ಲೈವ್‌ನಲ್ಲಿ ಎಡಿಟ್ ಮಾಡಬೇಕು. ಇದೆಲ್ಲ ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನಲ್ಲೇ ಆಗಬೇಕು. ಕೈಯಲ್ಲಿದ್ದದ್ದು 30 ಸಾವಿರ ರೂಪಾಯಿ.

ಈ ಮೂರೂ ಗ್ರಾಫಿಕ್ಸ್ ಬೇಡುವ ಕೆಲಸಗಳೇ. ಸ್ಟೆಲೇರಿಯಂ ಓಡುವುದೇ ಓಪನ್‌ಜಿಎಲ್ ಎಂಬ ಚಿತ್ರ ಬಿಡಿಸುವ ವ್ಯವಸ್ಥೆಯ ಮೇಲೆ. ಹಾಗಂತ ಗೇಮ್ ಆಡುವವರ ಕಾರ್ಡ್ ನನಗೆ ಬೇಕಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಮಾತನ್ನು ಚಿಪ್ಪಿಗೆ ಮುಟ್ಟಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಸರಿ ಇದ್ದರೆ ಸಾಧಾರಣ ಚಿಪ್ಪೂ ಸಾಕು. ಡ್ರೈವರ್ ಸರಿ ಇಲ್ಲದಿದ್ದರೆ ದುಬಾರಿ ಕಾರ್ಡ್ ಇದ್ದೂ ಪ್ರಯೋಜನ ಇಲ್ಲ. ಅದಕ್ಕೇ ಬೆಲೆ, ಬ್ರ್ಯಾಂಡ್ ಎರಡನ್ನೂ ಪಕ್ಕಕ್ಕಿಟ್ಟು ಡ್ರೈವರ್‌ನಿಂದ ಶುರು ಮಾಡಿದೆ.

ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೇ ಇರುತ್ತದೆ. ಎಎಂಡಿಯ ಈಗಿನ ಡ್ರೈವರ್ ಹೆಸರು ಎಎಂಡಿಜಿಪಿಯು, 2015ರಲ್ಲಿ ಕರ್ನೆಲ್ 4.2ರ ಜೊತೆ ಬಂತು. ಅದರ ಮೇಲೆ ಓಪನ್‌ಜಿಎಲ್, ಅದರಂಥದೇ ಇನ್ನೊಂದಾದ ವಲ್ಕನ್ ಕೆಲಸವನ್ನು ಮೆಸಾ ಎಂಬ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತದೆ. ಎರಡೂ ಮಿಂಟ್ ಜೊತೆಗೇ ಬರುತ್ತವೆ, ಅಪ್‌ಡೇಟ್ ಜೊತೆಗೇ ಹೊಸದಾಗುತ್ತವೆ. ನಾವು ಬೇರೆ ಏನೂ ಹಾಕಬೇಕಿಲ್ಲ.

ಎನ್‌ವಿಡಿಯಾದ ದಾರಿ ಬೇರೆ. ಅದರ ಡ್ರೈವರ್ ಕರ್ನೆಲ್‌ನ ಹೊರಗಿನದು. ಕರ್ನೆಲ್ ಬದಲಾದಾಗಲೆಲ್ಲ ಅದಕ್ಕೆ ಹೊಂದುವ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸುವ ಡ್ರೈವರ್ ತುಣುಕು) ಬೇಕು, ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಆ ಮಾಡ್ಯೂಲ್‌ಗೆ ಸಹಿಯೂ ಬೇಕು. 2022ರಲ್ಲಿ ಕಂಪನಿ ತನ್ನ ಕರ್ನೆಲ್ ಮಾಡ್ಯೂಲ್‌ಗಳನ್ನು ಓಪನ್ ಸೋರ್ಸ್ ಮಾಡಿದ್ದು ನಿಜ. ಆದರೆ ಅದು ಟ್ಯೂರಿಂಗ್ ಎಂಬ ತಲೆಮಾರು ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ. ನನ್ನ ಬಜೆಟ್ಟಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕಾಣುವುದು 940ಎಂಎಕ್ಸ್, ಎಂಎಕ್ಸ್130, ಎಂಎಕ್ಸ್150. ಇವೆಲ್ಲ ಅದಕ್ಕಿಂತ ಹಳೆಯ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಕಾಲದವು. ಇವಕ್ಕೆ ಕಂಪನಿಯ ಡ್ರೈವರ್ 580ನೇ ಸರಣಿಯೇ ಕೊನೆ. ನೌವೋ ಎಂಬ ಓಪನ್ ಸೋರ್ಸ್ ಡ್ರೈವರ್ ಇದೆ, ಆದರೆ ಎಂಎಕ್ಸ್150ಯಂಥ ಚಿಪ್ಪಿನ ವೇಗ ಏರಿಸಲು ಕಂಪನಿಯ ಸಹಿ ಇರುವ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಸಾಫ್ಟ್‌ವೇರ್) ಬೇಕು. ಅದಿಲ್ಲದೆ ಕಾರ್ಡ್ ಆಮೆ ವೇಗದಲ್ಲೇ ಉಳಿಯುತ್ತದೆ. ಬ್ಲೆಂಡರ್‌ನ 3ಡಿ ರೆಂಡರಿಂಗ್‌ಗೋ ಆ ಕಂಪನಿಯದ್ದೇ ಆದ ಕುಡಾ ಬಳಸುವ ಲೆಕ್ಕಾಚಾರದ ಕೆಲಸಕ್ಕೋ ಎನ್‌ವಿಡಿಯಾ ಬೇಕೇ ಬೇಕು ಅನ್ನುವವರು ಟ್ಯೂರಿಂಗ್‌ಗಿಂತ ಹಳೆಯದನ್ನು ಮುಟ್ಟಬೇಡಿ. ನನಗೆ ಆ ಕೆಲಸ ಇರಲಿಲ್ಲ, ಬಿಟ್ಟೆ.

ಉಳಿದದ್ದು ಹೊಸದೋ ಹಳೆಯದೋ ಎಂಬ ಪ್ರಶ್ನೆ. ಈ ದುಡ್ಡಿಗೆ ಸಿಗುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಎಂಡಿಯ ರೈಜನ್ 5 7520ಯು ಪ್ರೊಸೆಸರ್ ಕಣ್ಣಿಗೆ ಬಿತ್ತು. 7 ಸಾವಿರದ ಸರಣಿ ಅಂದ ತಕ್ಷಣ ಹೊಸದು ಅನಿಸುತ್ತದೆ, ಅಲ್ವಾ? ಆ ಸರಣಿಯಲ್ಲಿ ಒಳಗಿನ ವಿನ್ಯಾಸ ಯಾವುದು ಅಂತ ಹೇಳುವುದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ ಝೆನ್ 2 ಎಂಬ ಹಳೆಯ ವಿನ್ಯಾಸ. ಕೋರ್ ನಾಲ್ಕೇ. ಗ್ರಾಫಿಕ್ಸ್ ರೇಡಿಯಾನ್ 610ಎಂ, ಅದರಲ್ಲಿ ಇರುವುದು ಎರಡೇ ಕಂಪ್ಯೂಟ್ ಯೂನಿಟ್ (ಚಿತ್ರದ ಲೆಕ್ಕ ಮಾಡುವ ಘಟಕ). ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಅದೇ ಝೆನ್ 2 ಇರುವ 2020ರ ರೈಜನ್ 5 ಪ್ರೊ 4650ಯುನಲ್ಲಿ ಕೋರ್ ಆರು, ಗ್ರಾಫಿಕ್ಸ್ ಯೂನಿಟ್ಟೂ ಆರು. ಹಳೆಯದೇ ಬಲವಾಗಿದೆ.

ತೀರಾ ಹೊಸ ಚಿಪ್‌ಗೆ ಇನ್ನೊಂದು ತೊಡಕಿದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ 12ನೇ ಆವೃತ್ತಿಯ ಕರ್ನೆಲ್ 6.1, ಅದು 2022ರ ಡಿಸೆಂಬರಿನದು. 2024ರ ಚಿಪ್ಪಿನ ಗುರುತು ಅದಕ್ಕೆ ಹೇಗೆ ಸಿಗಬೇಕು? ಮಿಂಟ್ 22 ಬಂದದ್ದು ಕರ್ನೆಲ್ 6.8ರ ಜೊತೆ. ಹಾಗಾಗಿ ಒಂದೆರಡು ವರ್ಷ ಹಳೆಯ ಚಿಪ್ ಆದರೆ ಲಿನಕ್ಸ್‌ನವರಿಗೆ ನೆಮ್ಮದಿ.

ಅಲ್ಲಿಗೆ ತೀರ್ಮಾನವಾಯಿತು: ಆ 4650ಯು ಇರುವ, ಆಫೀಸಿನಿಂದ ವಾಪಸ್ ಬಂದ ಥಿಂಕ್‌ಪ್ಯಾಡ್ ಟಿ14 ಮೊದಲ ತಲೆಮಾರು, ಎಎಂಡಿಯದೇ ಬೇಕು. ಇದೇ ಹೆಸರಲ್ಲಿ ಇಂಟೆಲ್ ಮಾದರಿಯೂ ಇದೆ, ಕೆಲವದರಲ್ಲಿ ಎನ್‌ವಿಡಿಯಾ ಕೂಡ ಇರುತ್ತದೆ. ಮುಚ್ಚಳದ ಮೇಲಿನ ಹೆಸರು ನೋಡಿ ದುಡ್ಡು ಕೊಡಬೇಡಿ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ಜೇಬಿನಲ್ಲಿ ಮಿಂಟ್ ಬರೆದ ಪೆನ್‌ಡ್ರೈವ್ ಇತ್ತು. ಅಂಗಡಿಯ ಹುಡುಗ, "ಸಾರ್, ಇದೇ ರೇಟಿಗೆ 2 ಜಿಬಿ ಕಾರ್ಡ್ ಇರೋದು ಕೊಡ್ತೀನಿ, ಅದನ್ನ ತಗೊಳ್ಳಿ" ಅಂದ. "ಬೇಡಪ್ಪಾ, ಇದೇ ಇರಲಿ. ಪೆನ್‌ಡ್ರೈವ್ ಹಾಕಿ ನೋಡಬಹುದಾ?" ಅಂತ ಕೇಳಿದೆ. ಸುಮ್ನೆ ಸ್ವಿಚ್ ಒತ್ತಿ ಡೆಸ್ಕ್‌ಟಾಪ್ ಬಂತು ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುತ್ತಿರಲಿಲ್ಲ. ಅವನು ಒಪ್ಪಿದ.

ಮೊದಲು ಎಫ್1 ಒತ್ತಿ ಬಯಾಸ್ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್) ಒಳಗೆ ಹೋದೆ. ಆಫೀಸಿನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿದ್ದರೆ ಅದನ್ನು ತೆಗೆಸುವುದು ದೊಡ್ಡ ರಾಮಾಯಣ. ಇದರಲ್ಲಿ ಇರಲಿಲ್ಲ. ಅಲ್ಲೇ ಪವರ್ ವಿಭಾಗದಲ್ಲಿ ಸ್ಲೀಪ್ ಸ್ಟೇಟ್ ಅಂತ ಒಂದು ಸಾಲು ಇದೆ, ಲ್ಯಾಪ್‌ಟಾಪ್ ನಿದ್ದೆಗೆ ಹೋಗುವ ರೀತಿ ಅದು. ವಿಂಡೋಸ್ 10, ಲಿನಕ್ಸ್ ಅಂತ ಎರಡು ಆಯ್ಕೆ. ಲಿನಕ್ಸ್‌ಗೆ ಬದಲಿಸಿದೆ.

ಆಮೇಲೆ ಎಫ್12 ಒತ್ತಿ ಪೆನ್‌ಡ್ರೈವ್‌ನಿಂದ ಮಿಂಟ್ ಎಬ್ಬಿಸಿದೆ. ಟರ್ಮಿನಲ್ ತೆರೆದು ಸಣ್ಣ ಅಕ್ಷರದಲ್ಲಿ ಐ, ಎನ್, ಎಕ್ಸ್, ಐ, ಒಂದು ಸ್ಪೇಸ್, ಅಡ್ಡಗೆರೆ, ದೊಡ್ಡಕ್ಷರದ ಜಿ. ಈ ಆಜ್ಞೆ ಗ್ರಾಫಿಕ್ಸ್‌ನ ಜಾತಕ ಪೂರ್ತಿ ಕೊಡುತ್ತದೆ. ನಾನು ನೋಡಿದ್ದು ಎರಡು ಕಡೆ. ಡ್ರೈವರ್ ಅಂತ ಇರುವಲ್ಲಿ ಎಎಂಡಿಜಿಪಿಯು, ಪಕ್ಕದಲ್ಲಿ ಕರ್ನೆಲ್ ಎಂಬ ಪದ. ಅಂದರೆ ಡ್ರೈವರ್ ಕರ್ನೆಲ್‌ನದ್ದೇ. ಕೆಳಗೆ ರೆಂಡರರ್ ಅಂತ ಇರುವಲ್ಲಿ ಎಎಂಡಿ ಚಿಪ್ಪಿನ ಹೆಸರು. ಆ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಬಂದಿದ್ದರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ ಅಂತ ಅರ್ಥ. ಡೆಸ್ಕ್‌ಟಾಪ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಅದಕ್ಕೇ ಈ ಸಾಲನ್ನು ಕಣ್ಣಾರೆ ನೋಡಲೇಬೇಕು.

ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದೆ. ವೈಫೈ ಹಿಡಿಯಿತು, ಅದೂ ಒಂದು ಪರೀಕ್ಷೆ. ಪೆನ್‌ಡ್ರೈವ್‌ನ ಮಿಂಟ್‌ನಲ್ಲೇ ಸ್ಟೆಲೇರಿಯಂ ಇನ್‌ಸ್ಟಾಲ್ ಮಾಡಿ ಓಡಿಸಿದೆ. ಶನಿಗ್ರಹದ ಹತ್ತಿರಕ್ಕೆ ಜೂಮ್ ಮಾಡಿದರೆ ಬಳೆಗಳು ತಡವರಿಸದೆ ಬಂದವು. ಸಮಯವನ್ನು ಜೋರಾಗಿ ಓಡಿಸಿದರೆ ಇಡೀ ಆಕಾಶ ನುಣ್ಣಗೆ ತಿರುಗಿತು. ಹುಡುಗನೂ ಕೆಲಸ ಬಿಟ್ಟು ಬಂದು ನೋಡಿದ. ಅಂಗಡಿಯ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿಸಿ ಎರಡು ಪರದೆಯನ್ನೂ ನೋಡಿದೆ. ಕೊನೆಗೆ ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದೆ. ಗ್ರಾಫಿಕ್ಸ್ ಡ್ರೈವರ್ ಎಡವುವುದು ಹೆಚ್ಚಾಗಿ ಇಲ್ಲೇ: ಪರದೆ ಕಪ್ಪಾಗಿಯೇ ಉಳಿದುಬಿಡುತ್ತದೆ. ಇದು ಎದ್ದು ಕೂತಿತು. ದುಡ್ಡು ಕೊಟ್ಟೆ. 30 ಸಾವಿರದಲ್ಲಿ ಒಂದಿಷ್ಟು ಉಳಿಯಿತು.

ಉಳಿದ ದುಡ್ಡು ರ್‍ಯಾಮ್‌ಗೆ ಹೋಯಿತು. ಇಂಥ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಲ್ಯಾಪ್‌ಟಾಪ್‌ನ ರ್‍ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ನಾನು ಕೊಂಡ ಟಿ14ನಲ್ಲಿ 8 ಜಿಬಿ ಬೋರ್ಡಿನ ಮೇಲೇ ಇತ್ತು, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ. ಅದಕ್ಕೆ 3200 ವೇಗದ ಡಿಡಿಆರ್4 ರ್‍ಯಾಮ್ 8 ಜಿಬಿ ಹಾಕಿಸಿದೆ. ರ್‍ಯಾಮ್ 16 ಜಿಬಿ ಆಗಿದ್ದು ಒಂದು ಲಾಭ. ಡ್ಯುಯಲ್ ಚಾನೆಲ್ ಆಗಿ ಗ್ರಾಫಿಕ್ಸ್‌ಗೆ ಮೆಮೊರಿಯ ದಾರಿ ಅಗಲವಾಗಿದ್ದು ದೊಡ್ಡ ಲಾಭ. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಕೂಡ ಹೀಗೆಯೇ: ಒಂದೇ ಚಾನೆಲ್ ರ್‍ಯಾಮ್ ಇದ್ದರೆ ಅದೇ ಚಿಪ್ ಬರೀ ಕೆಳದರ್ಜೆಯ ಯುಎಚ್‌ಡಿ ಅಂತ ತೋರಿಸುತ್ತದೆ. ಅಂಥ ಲ್ಯಾಪ್‌ಟಾಪ್ ಕೊಳ್ಳುವವರು ಎರಡನೇ ಸ್ಲಾಟ್ ಇದೆಯಾ ಅಂತ ಕೇಳಿಯೇ ಮುಂದುವರಿಯಿರಿ.

ಒಬಿಎಸ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಭಾಗ) ಅನ್ನು ಗ್ರಾಫಿಕ್ಸ್ ಚಿಪ್ ಬಳಸುವ ವಿಎಎಪಿಐಗೆ ಬದಲಿಸಿದ್ದೇನೆ. ರೆಕಾರ್ಡಿಂಗ್ ಭಾರ ಬಹುಪಾಲು ಗ್ರಾಫಿಕ್ಸ್ ಚಿಪ್ಪಿನ ಮೇಲೆ ಬೀಳುತ್ತದೆ, ಸ್ಟೆಲೇರಿಯಂ ಓಡುತ್ತಲೇ ಪಾಠ ರೆಕಾರ್ಡ್ ಆಗುತ್ತದೆ, ಫ್ಯಾನ್ ಸದ್ದು ಮೈಕಿನಲ್ಲಿ ಕೇಳುವುದಿಲ್ಲ. ಕೆಡೆನ್‌ಲೈವ್‌ನ ರೆಂಡರ್ ಪಟ್ಟಿಯಲ್ಲೂ ವಿಎಎಪಿಐ ಆಯ್ಕೆ ಇದೆ. ಈ ಚಿಪ್ಪಿಗೆ ಎವಿ1 ಎಂಬ ಹೊಸ ಮಾದರಿಯ ವಿಡಿಯೊ ಬಿಡಿಸಲು ಬರುವುದಿಲ್ಲ, ಅದು ಪ್ರೊಸೆಸರ್ ಮೇಲೆ ಬೀಳುತ್ತದೆ. 1080ರ ವಿಡಿಯೊಗೆ ಆರು ಕೋರ್ ಧಾರಾಳ ಸಾಕು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಹಾಕುವವರಿಗೆ ಒಂದು ಮಾತು: ಪೇಟೆಂಟ್ ಕಾರಣಕ್ಕೆ ಅದರ ಮೆಸಾದಲ್ಲಿ ಎಚ್264 ಎಂಬ ವಿಡಿಯೊ ಮಾದರಿಯ ಬೆಂಬಲ ತೆಗೆದಿದ್ದಾರೆ. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಾಫ್ಟ್‌ವೇರ್ ಭಂಡಾರದಿಂದ ಬೇರೆ ಹಾಕಿಕೊಳ್ಳಬೇಕು. ಮಿಂಟ್‌ನಲ್ಲಿ ಆ ಕೆಲಸ ಇಲ್ಲ.